ವಿಭಕ್ತಿ ಹೊತ್ತ ವಾಕ್ಯ

ಈ ವರ್ಷದ ಕಾಫಿಯ ಫಸಲು ಹೂಮಳೆ ಹೊತ್ತಿಗೆ ಸರಿಯಾಗಿ ಬೀಳುವುದೋ ಇಲ್ಲವೋ ಎಂಬುದರ ಮೇಲೆ ನಿಂತಿದೆ ಎಂಬ ಮಾತನ್ನು, ಫಾಲ್ಗುಣ ಕಳೆದು ಚೈತ್ರ ಹುಟ್ಟುವ ದಿನಗಳಲ್ಲಿ, ಕಳಸ, ಸಂಸೆ, ಹೊರನಾಡು, ಹಿರೇಬೈಲುಗಳ ಯಾವ ಜಗಲಿಯಲ್ಲಿ ಕುಳಿತರೂ ಕೇಳಬಹುದು. ಮಾತು ನಿಜವಾದುದೇ. ಚಳಿಗಾಲದ ಒಣಹವೆಯಲ್ಲಿ ಗಿಡದ ಗೆಣ್ಣುಗಳಲ್ಲಿ ಸುಪ್ತವಾಗಿದ್ದ ಮೊಗ್ಗುಗಳು ಸುಮಾರು ಒಂದು ಇಂಚಿನಷ್ಟು ಮಳೆ ಬಿದ್ದರೆ ಎಚ್ಚೆತ್ತು, ಎಂಟು ಹತ್ತು ದಿನಗಳೊಳಗಾಗಿ ತೋಟವೆಲ್ಲ ಬೆಳ್ಳಗಾಗುವಂತೆ ಅರಳುತ್ತವೆ. ಅನಂತರ ಎರಡು ಮೂರು ವಾರಗಳಲ್ಲಿ ಬರಬೇಕಾದ, ಬೆಳೆಗಾರರು ಬ್ಯಾಕಿಂಗ್ ಎಂದು ಕರೆಯುವ ಎರಡನೆಯ ಮಳೆ ತಪ್ಪಿದರೆ ಕಚ್ಚಿದ ಕಾಯಿ ನಿಲ್ಲುವುದು ಕಷ್ಟ. ಮಳೆಯ ವಿಚಾರವನ್ನು ಬಲ್ಲವರು ಈ ಸೀಮೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಇಲ್ಲಿ ವಿಚಾರಿಸಹೊರಟಿರುವುದು ಆ ಮಾತಿನ ರಚನೆಯನ್ನು, ಮತ್ತು ಅದೇ ಮಾತನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದಾಗ ನಮ್ಮ ಮಕ್ಕಳಿಗೆ ಒದಗುವ ತೊಡಕನ್ನು.

ಇಂಗ್ಲಿಷಿನಲ್ಲಿ ಆ ವಾಕ್ಯ ಹೀಗಾಗುತ್ತದೆ: ‘ದಿ ಕ್ರಾಪ್ ಡಿಪೆಂಡ್ಸ್ ಆನ್ ವೆದರ್ ದಿ ಶವರ್ಸ್ ಕಮ್ ಇನ್ ಟೈಮ್.’ ಇದರಲ್ಲಿ ‘ಆನ್’ ಎಂಬುದು ಪ್ರಿಪೊಸಿಷನ್. ಪ್ರಿಪೊಸಿಷನ್ನಿನ ಮುಂದೆ ನಾಮಪದವಾಗಲಿ ಸರ್ವನಾಮವಾಗಲಿ ಬರುತ್ತದೆಂದು ಶಾಲೆಯ ಪುಸ್ತಕ ಕಲಿಸಿದೆ: ಆನ್ ದಿ ಟೇಬಲ್, ವಿತ್ ಹಿಮ್, ಫ್ರಂ ಕಳಸ. ಆದರೆ ಇಲ್ಲಿ ‘ಆನ್’ ಎಂಬುದರ ಮುಂದೆ ಬಂದಿರುವುದು ಕರ್ತೃಪದವೂ ಕ್ರಿಯಾಪದವೂ ಉಳ್ಳ ಒಂದು ಸಮಗ್ರವಾದ ಉಪವಾಕ್ಯ. ನಿಯಮವನ್ನು ಶ್ರದ್ಧೆಯಿಂದ ಕಲಿತ ವಿದ್ಯಾರ್ಥಿಯೇ ಇಲ್ಲಿ ಹೆಚ್ಚು ಬೆದರುತ್ತಾನೆ. ಯಾವ ವಾಕ್ಯವನ್ನು ಪ್ರಿಪೊಸಿಷನ್ನಿನ ಮುಂದೆ ನಿಲ್ಲಿಸಬಹುದು, ಯಾವುದನ್ನು ನಿಲ್ಲಿಸಲಾಗದು ಎಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಈ ಬೆಟ್ಟಗಳಲ್ಲಿ ಇಂಗ್ಲಿಷು ಪಾಠಪುಸ್ತಕದ ಭಾಷೆಯಾಗುವುದಕ್ಕೆ ಮೊದಲು ತೋಟದ ಕಚೇರಿಯ ಭಾಷೆಯಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಮಂಜರಾಬಾದು, ಮೂಡಿಗೆರೆ, ಚಿಕ್ಕಮಗಳೂರುಗಳ ಕಾಡಿನಲ್ಲಿ ಆಂಗ್ಲ ದೊರೆಗಳು ಕಾಫಿ ಹಾಕಿದರು. ಅವರಲ್ಲೊಬ್ಬರಾದ ರಾಬರ್ಟ್ ಎಲಿಯಟ್ ಎಂಬವರು ಮೈಸೂರಿನ ಚಿನ್ನ, ಬೇಟೆ ಮತ್ತು ಕಾಫಿ ಕೃಷಿಗಳನ್ನು ಕುರಿತು 1894ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ದೊರೆಗೂ ಆಳುಗಳಿಗೂ ನಡುವೆ ಮೇಸ್ತ್ರಿ, ದೊರೆಗೂ ಹೊರಲೋಕಕ್ಕೂ ನಡುವೆ ರೈಟರು, ಹೀಗೆ ವ್ಯವಹಾರ ನಡೆಯಿತು. ಚೆಕ್‌ರೋಲು, ಮಳೆಯ ಲೆಕ್ಕ, ಏಜೆಂಟರಿಗೆ ಬರೆಯುವ ಕಾಗದ ಎಲ್ಲವೂ ಇಂಗ್ಲಿಷಿನಲ್ಲಿದ್ದುವು. ದೊರೆಗಳು ಹೋದ ಮೇಲೂ ಕಾಫಿ ಮಂಡಳಿಯ ಸುತ್ತೋಲೆಗಳಲ್ಲಿ, ಬ್ಯಾಂಕಿನ ಸಾಲಪತ್ರಗಳಲ್ಲಿ, ರಫ್ತಿನ ಕರಾರುಗಳಲ್ಲಿ ಆ ಭಾಷೆ ಉಳಿದಿದೆ. ಯಾರು ಹಣ ತೆರಬೇಕು, ಯಾವಾಗ ತೆರಬೇಕು, ಮಾಲು ಕೆಟ್ಟರೆ ಹೊಣೆ ಯಾರದೆಂಬ ವಿಷಯಗಳನ್ನು ಇಂತಹ ಪತ್ರಗಳು ನಿರ್ಧರಿಸುವುದು ಬಹುಮಟ್ಟಿಗೆ ಈ ಬಗೆಯ ಉಪವಾಕ್ಯಗಳಿಂದಲೇ. ಆದುದರಿಂದ ಇದು ವೈಯಾಕರಣರ ವಿನೋದದ ವಿಷಯವಲ್ಲ. ತೋಟದ ಮನೆಯ ಮಗನಿಗೂ ಆಳುಗಳ ಲೈನಿನ ಮನೆಯ ಮಗಳಿಗೂ ಸಮಾನವಾಗಿ ಬೇಕಾದ ತಿಳಿವಳಿಕೆ.

ಮೊದಲು ಕನ್ನಡದ ಕಡೆಯಿಂದ ನೋಡೋಣ. ಕನ್ನಡದಲ್ಲಿ ಯಾವ ವಾಕ್ಯವನ್ನೇ ಆಗಲಿ ನಾಮಪದವನ್ನಾಗಿ ಮಾಡಿ ಅದಕ್ಕೆ ಯಾವ ವಿಭಕ್ತಿಯನ್ನೇ ಆಗಲಿ ಹಚ್ಚುವ ಸಾಮರ್ಥ್ಯವಿದೆ. ‘ಮಳೆ ಬಂದಿತು’ ಎಂಬುದು ‘ಮಳೆ ಬಂದುದು’ ಎಂದಾಗುತ್ತದೆ. ಆಮೇಲೆ ಬಂದುದನ್ನು, ಬಂದುದರಿಂದ, ಬಂದುದಕ್ಕೆ, ಬಂದುದರಲ್ಲಿ ಎಂದು ವಿಭಕ್ತಿಗಳು ಸಾಲಾಗಿ ಹತ್ತುತ್ತವೆ. ಮಾತು ಪ್ರಶ್ನೆಯಾಗಿದ್ದರೆ, ಇಲ್ಲವೆ ಮತ್ತೊಬ್ಬರ ಹೇಳಿಕೆಯಾಗಿದ್ದರೆ, ಅದನ್ನು ಇದ್ದಂತೆಯೇ ಇರಿಸಿ ಕೊನೆಗೆ ‘ಎಂಬುದು’ ಎಂದು ಸೇರಿಸಿದರಾಯಿತು. ಒಳಗಿನ ವಾಕ್ಯದ ಒಂದಕ್ಷರವನ್ನೂ ಕದಲಿಸಬೇಕಾಗಿಲ್ಲ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿಭಕ್ತಿ ಹತ್ತಲು ಯೋಗ್ಯವಾದ ಪ್ರಕೃತಿಗಳನ್ನು ಎಣಿಸುವಾಗ ಧಾತುವಿನಿಂದ ಹುಟ್ಟಿದ ಕೃಲ್ಲಿಂಗವನ್ನೂ ನಾಮಲಿಂಗದ ಸಾಲಿನಲ್ಲಿಯೇ ಕೂರಿಸಿದನು. ಈ ಕೃಲ್ಲಿಂಗವು ನಾಮಪದದಂತೆ ವಿಭಕ್ತಿಯನ್ನು ಹೊತ್ತರೂ ತನ್ನ ಹಿಂದಿರುವ ಕರ್ತೃ, ಕರ್ಮ, ಕಾಲಸೂಚಕಗಳನ್ನು ಬಿಟ್ಟುಕೊಡುವುದಿಲ್ಲ. ‘ಬೆಳಗ್ಗೆ ಮೇಸ್ತ್ರಿ ಆಳುಗಳನ್ನು ತೋಟಕ್ಕೆ ಕಳುಹಿಸಿದುದರಿಂದ’ ಎಂಬ ಮಾತಿನಲ್ಲಿ ‘ಕಳುಹಿಸಿದುದು’ ಒಂದು ಪದವಾಗಿಯೂ ಇದೆ, ಇಡೀ ಒಂದು ವಾಕ್ಯದ ಕ್ರಿಯೆಯಾಗಿಯೂ ಇದೆ. ಶಾಲೆಯಲ್ಲಿ ಇದನ್ನು ಕೃದಂತನಾಮವೆಂದು ಹೇಳಿ ಎರಡು ಉದಾಹರಣೆ ಕೊಟ್ಟು ಮುಂದೆ ಸಾಗುವುದು ವಾಡಿಕೆ. ಕನ್ನಡದ ಮಿಶ್ರವಾಕ್ಯದ ಬಲವೆಲ್ಲ ಅಡಗಿರುವ ಸ್ಥಾನ ಇದೇ ಎಂದು ಹೇಳಿದರೆ ಹೆಚ್ಚಾಗಲಾರದು.

ಇಂಗ್ಲಿಷಿಗೆ ಈ ‘ಉದು’ ಇಲ್ಲ. ವಾಕ್ಯವು ನಾಮಪದವಾಯಿತೆಂದು ಸಾರುವ ಪ್ರತ್ಯಯ ಇಲ್ಲದಿರುವುದರಿಂದ ಅದು ವಾಕ್ಯದ ಜಾತಿಯನ್ನು ನೋಡಿ ವರ್ತಿಸುತ್ತದೆ. ಪ್ರಶ್ನೆಯ ರೂಪದ ಉಪವಾಕ್ಯ, ಎಂದರೆ ವಾಟ್, ಹೂ, ಹೌ, ವೈ, ವೆದರ್ ಎಂಬ ಪದಗಳಿಂದ ಮೊದಲಾಗುವುದು, ಪ್ರಿಪೊಸಿಷನ್ನಿನ ಮುಂದೆ ನಿಸ್ಸಂಕೋಚವಾಗಿ ನಿಲ್ಲಬಲ್ಲದು: ‘ಅಬೌಟ್ ವಾಟ್ ಹಿ ಸೆಡ್’, ‘ಆನ್ ಹೌ ದಿ ಬೀನ್ಸ್ ಆರ್ ಡ್ರೈಡ್’. ಹೇಳಿಕೆಯ ರೂಪದ, ‘ದಟ್’ ಎಂಬುದರಿಂದ ಮೊದಲಾಗುವ ಉಪವಾಕ್ಯಕ್ಕಾದರೋ ಆ ಸ್ಥಾನ ಸಾಮಾನ್ಯವಾಗಿ ನಿಷಿದ್ಧ. ‘ಅವನು ಬರುತ್ತಾನೆಂಬುದರ ಬಗ್ಗೆ ನನಗೆ ಖಚಿತವಿದೆ’ ಎಂಬುದನ್ನು ‘ಐ ಆಮ್ ಶೂರ್ ಆಫ್ ದಟ್ ಹಿ ವಿಲ್ ಕಮ್’ ಎಂದು ಬರೆದರೆ ತಪ್ಪು. ‘ಆಫ್’ ಎಂಬುದನ್ನು ನುಂಗಿ ‘ಐ ಆಮ್ ಶೂರ್ ದಟ್ ಹಿ ವಿಲ್ ಕಮ್’ ಎನ್ನಬೇಕು. ಕನ್ನಡದ ಮಕ್ಕಳು ಅತ್ಯಂತ ಸಹಜವಾಗಿ ಮಾಡುವ ತಪ್ಪು ಇದು, ಏಕೆಂದರೆ ಅವರ ನುಡಿಯಲ್ಲಿ ಪ್ರಶ್ನೆಗೂ ಹೇಳಿಕೆಗೂ ‘ಎಂಬುದರ ಬಗ್ಗೆ’ ಎಂಬುದು ಸಮಾನವಾಗಿ ಸಲ್ಲುತ್ತದೆ. ನಿಷೇಧಕ್ಕೆ ಅಪವಾದಗಳೂ ಉಂಟು: ‘ಇನ್ ದಟ್’, ‘ಎಕ್ಸೆಪ್ಟ್ ದಟ್’, ‘ಸೇವ್ ದಟ್’ ಎಂಬ ಕೆಲವು ಪ್ರಯೋಗಗಳು ಸಾಧುವಾಗಿಯೇ ಇವೆ, ಕರಾರುಪತ್ರಗಳಲ್ಲಿ ಮೇಲಿಂದ ಮೇಲೆ ಕಾಣಸಿಗುತ್ತವೆ. ಅವನ್ನು ಒಂದೊಂದಾಗಿ ಕಲಿಯದೆ ಗತ್ಯಂತರವಿಲ್ಲ.

ಇತಿಹಾಸವನ್ನು ಕೆದಕಿದರೆ ಆಶ್ಚರ್ಯಕರವಾದ ಸಂಗತಿಯೊಂದು ಹೊರಪಡುತ್ತದೆ. ಸುಮಾರು ಸಾವಿರ ವರ್ಷಗಳ ಹಿಂದಿನ ಪ್ರಾಚೀನ ಇಂಗ್ಲಿಷಿನಲ್ಲಿ ‘ಅವನು ಬಂದ ಅನಂತರ’ ಎನ್ನುವುದಕ್ಕೆ ‘ಆಫ್ಟರ್’ ಎಂಬ ಪದದ ಮುಂದೆ ‘ಅದು’ ಎಂಬ ಅರ್ಥದ ಸರ್ವನಾಮವನ್ನು ಚತುರ್ಥೀ ವಿಭಕ್ತಿಯಲ್ಲಿ ‘ಥಾಮ್’ ಎಂದು ಇಟ್ಟು, ಅದರ ಮುಂದೆ ‘ಥೆ’ ಎಂಬ ಅವ್ಯಯವನ್ನು ಸೇರಿಸಿ, ಆಮೇಲೆ ಉಪವಾಕ್ಯವನ್ನು ಹೇಳುತ್ತಿದ್ದರು. ಎಂದರೆ ಪ್ರಿಪೊಸಿಷನ್ನು ನೇರವಾಗಿ ವಾಕ್ಯವನ್ನು ಮುಟ್ಟುತ್ತಿರಲಿಲ್ಲ; ನಡುವೆ ವಿಭಕ್ತಿಯನ್ನು ಹೊರುವ ಒಂದು ಸರ್ವನಾಮ ನಿಂತಿರುತ್ತಿತ್ತು. ನಮ್ಮ ‘ಬಂದುದರ ಅನಂತರ’ ಎಂಬಲ್ಲಿಯ ‘ಉದು’ ಮಾಡುವ ಕಾರ್ಯ ಇದೇ ಅಲ್ಲವೆ? ಕಾಲಕ್ರಮದಲ್ಲಿ ಇಂಗ್ಲಿಷಿನ ವಿಭಕ್ತಿಗಳು ಸವೆದುಹೋದುವು. ‘ಆಫ್ಟರ್ ದಟ್’, ‘ಬಿಫೋರ್ ದಟ್’ ಎಂಬ ರೂಪಗಳು ಉಳಿದು, 1611ರ ಬೈಬಲ್ ಭಾಷಾಂತರದಲ್ಲಿಯೂ ಕಾಣಿಸಿಕೊಂಡುವು. ಕೊನೆಗೆ ಆ ‘ದಟ್’ ಸಹ ಬಿದ್ದು, ಇಂದಿನ ‘ಆಫ್ಟರ್ ಹಿ ಕೇಮ್’ ಎಂಬ ಬೋಳು ರಚನೆ ನಿಂತಿತು.

ಇಲ್ಲಿಯೇ ಪಂಡಿತರ ವಿವಾದವೊಂದು ಹುಟ್ಟಿದೆ. ‘ಆಫ್ಟರ್ ದಿ ರೇನ್’ ಎಂಬಲ್ಲಿ ‘ಆಫ್ಟರ್’ ಪ್ರಿಪೊಸಿಷನ್, ‘ಆಫ್ಟರ್ ದಿ ರೇನ್ ಕೇಮ್’ ಎಂಬಲ್ಲಿ ಅದೇ ಪದ ಕಂಜಂಕ್ಷನ್ ಎಂದು ಶಾಲಾವ್ಯಾಕರಣ ಕಲಿಸುತ್ತದೆ. ಡೆನ್ಮಾರ್ಕಿನ ಮಹಾವಿದ್ವಾಂಸ ಓಟೊ ಯೆಸ್ಪರ್ಸನ್ ಅವರು 1924ರಲ್ಲಿ ಪ್ರಕಟಿಸಿದ ‘ದಿ ಫಿಲಾಸಫಿ ಆಫ್ ಗ್ರಾಮರ್’ ಎಂಬ ಗ್ರಂಥದಲ್ಲಿ ಈ ವಿಭಾಗವನ್ನು ಒಪ್ಪಲಿಲ್ಲ. ಒಂದೇ ಕ್ರಿಯಾಪದದ ಮುಂದೆ ಕರ್ಮವಾಗಿ ಒಮ್ಮೆ ನಾಮಪದವೂ ಇನ್ನೊಮ್ಮೆ ಉಪವಾಕ್ಯವೂ ಬಂದರೆ ಕ್ರಿಯಾಪದಕ್ಕೆ ನಾವು ಎರಡು ಹೆಸರಿಡುವುದಿಲ್ಲವಾದ್ದರಿಂದ ‘ಆಫ್ಟರ್’ ಎಂಬುದಕ್ಕೆ ಮಾತ್ರ ಎರಡು ಹೆಸರಿಡುವುದು ನ್ಯಾಯವಲ್ಲವೆಂಬುದು ಅವರ ವಾದದ ತಿರುಳು. 2002ರಲ್ಲಿ ಹಡಲ್‌ಸ್ಟನ್ ಮತ್ತು ಪುಲಮ್ ಎಂಬ ವಿದ್ವಾಂಸರು ಹೊರತಂದ ಕೇಂಬ್ರಿಜ್ ವ್ಯಾಕರಣವೂ ಈ ಪಕ್ಷವನ್ನೇ ಹಿಡಿದಿದೆ. ಕನ್ನಡವನ್ನು ಬಲ್ಲವನಿಗೆ ಯೆಸ್ಪರ್ಸನ್ನರ ಮಾತು ಹೊಸದೆನಿಸುವುದಿಲ್ಲ. ಮಳೆಯ ಮೇಲೆ, ಮಳೆ ಬಂದ ಮೇಲೆ ಎಂಬ ಎರಡರಲ್ಲಿಯೂ ಇರುವುದು ಒಂದೇ ‘ಮೇಲೆ’ ಎಂಬುದನ್ನು ಅವನು ಹುಟ್ಟಿನಿಂದ ಬಲ್ಲ. ನನಗೆ ಯೆಸ್ಪರ್ಸನ್ನರ ಪಕ್ಷವೇ ಸರಿಯೆಂದು ತೋರುತ್ತದೆ.

ಆದರೆ ಯಾವ ಪ್ರಿಪೊಸಿಷನ್ನಿಗೆ ಈ ಸ್ವಾತಂತ್ರ್ಯ ಇದೆ, ಯಾವುದಕ್ಕೆ ಇಲ್ಲವೆಂಬುದನ್ನು ತರ್ಕದಿಂದ ತಿಳಿಯಲು ಬಾರದು. ಆಫ್ಟರ್, ಬಿಫೋರ್, ಸಿನ್ಸ್, ಟಿಲ್, ಅಂಟಿಲ್ ಎಂಬುವಕ್ಕೆ ಇದೆ. ಡ್ಯೂರಿಂಗ್, ಡಿಸ್ಪೈಟ್, ಬೈ, ವಿತ್ ಎಂಬುವಕ್ಕೆ ಇಲ್ಲ. ಮಳೆ ಬರುವಾಗ ಎನ್ನಲು ‘ಡ್ಯೂರಿಂಗ್ ಇಟ್ ರೇನ್ಡ್’ ಎಂದೂ, ಮಳೆ ಬಂದರೂ ಎನ್ನಲು ‘ಡಿಸ್ಪೈಟ್ ಇಟ್ ರೇನ್ಡ್’ ಎಂದೂ ನಮ್ಮ ಹುಡುಗರು ಬರೆಯುವುದಕ್ಕೆ ಕಾರಣ ಅವರ ಅಲಕ್ಷ್ಯವಲ್ಲ. ಇಂಗ್ಲಿಷಿನ ಇತಿಹಾಸದಲ್ಲಿ ಆದ ಆಕಸ್ಮಿಕಗಳು. ಇದರ ಜೊತೆಗೆ ಕಾಲದ ತೊಡಕೊಂದಿದೆ. ಕನ್ನಡದಲ್ಲಿ ‘ಮೇಲೆ’ ಎಂಬುದರ ಹಿಂದೆ ಭೂತಕೃದಂತವೇ ಬರಬೇಕು, ಘಟನೆ ನಾಳೆಯದಾದರೂ: ‘ನಾಳೆ ಮಳೆ ಬಂದ ಮೇಲೆ ಗೊಬ್ಬರ ಹಾಕೋಣ.’ ‘ಮುನ್ನ’ ಎಂಬುದರ ಹಿಂದೆ ‘ಬರುವ’ ಎಂಬುದೇ ಬರಬೇಕು, ಘಟನೆ ನಿನ್ನೆಯದಾದರೂ: ‘ನಿನ್ನೆ ಮಳೆ ಬರುವ ಮುನ್ನ ಕಣದ ಕಾಫಿಯನ್ನು ರಾಶಿ ಮಾಡಿದೆವು.’ ಕನ್ನಡದ ಕೃದಂತವು ಮುಖ್ಯಕ್ರಿಯೆಯನ್ನು ನೋಡಿ ತನ್ನ ಕಾಲವನ್ನು ನಿಶ್ಚಯಿಸಿಕೊಳ್ಳುತ್ತದೆ. ಇಂಗ್ಲಿಷಿನ ಉಪವಾಕ್ಯವು ಆಡುವವನ ಈ ಕ್ಷಣವನ್ನು ನೋಡಿ ನಿಶ್ಚಯಿಸಿಕೊಳ್ಳುತ್ತದೆ. ನಾಳೆಯ ಮಳೆಗೆ ‘ಆಫ್ಟರ್ ದಿ ರೇನ್ ಕಮ್ಸ್’, ನಿನ್ನೆಯದಕ್ಕೆ ‘ಬಿಫೋರ್ ದಿ ರೇನ್ ಕೇಮ್’ ಎಂಬ ವ್ಯತ್ಯಾಸವನ್ನು ಈ ತತ್ತ್ವದಿಂದ ವಿವರಿಸಿದರೆ ಎಂಟನೆಯ ತರಗತಿಯ ಮಗುವಿಗೂ ಅರ್ಥವಾದೀತು.

ಈಗ ಇಂಗ್ಲಿಷರೇ ತಮ್ಮತಮ್ಮಲ್ಲಿ ಕಾದಾಡುವ ಒಂದು ಪ್ರಶ್ನೆಗೆ ಬರೋಣ. ಕಳಸದಿಂದ ಸುಮಾರು 8 ಕಿಲೋಮೀಟರ್ ದೂರದ ಹೊರನಾಡಿನಲ್ಲಿ, ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ, ಯಾರು ಬಂದರೂ ಅವರಿಗೆ ಊಟವುಂಟು. ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ‘ಟು ಹೂಎವರ್ ಕಮ್ಸ್’ ಎನ್ನಬೇಕೆ, ‘ಟು ಹೂಮೆವರ್ ಕಮ್ಸ್’ ಎನ್ನಬೇಕೆ? ‘ಟು’ ಎಂಬ ಪ್ರಿಪೊಸಿಷನ್ನಿನ ಮುಂದೆ ‘ಹಿಮ್’, ‘ದೆಮ್’, ‘ಹೂಮ್’ ಬರುವುದು ನಿಯಮವಾದ್ದರಿಂದ ‘ಹೂಮೆವರ್’ ಸರಿಯೆಂದು ಓದಿದವರೂ ಭಾವಿಸಿ ಬರೆಯುತ್ತಾರೆ, ಅದು ತಪ್ಪು. ‘ಟು’ ಎಂಬುದರ ವಸ್ತು ‘ಹೂಎವರ್’ ಎಂಬ ಒಂದು ಪದವಲ್ಲ, ‘ಹೂಎವರ್ ಕಮ್ಸ್’ ಎಂಬ ಸಮಸ್ತ ಉಪವಾಕ್ಯ. ಅದರೊಳಗೆ ‘ಹೂಎವರ್’ ಎಂಬುದು ‘ಕಮ್ಸ್’ ಎಂಬ ಕ್ರಿಯೆಯ ಕರ್ತೃವಾದ್ದರಿಂದ ಪ್ರಥಮೆಯಲ್ಲಿಯೇ ಇರತಕ್ಕದ್ದು. ಒಂದು ಪದದ ಮೇಲೆ ಎರಡು ಅಧಿಕಾರಗಳು ಬಂದು ಬೀಳುವುದೇ ಇಂಗ್ಲಿಷಿನವನ ಸಂಕಟ. ಕನ್ನಡವಾದರೋ ಆ ಎರಡು ಅಧಿಕಾರಗಳನ್ನು ಎರಡು ಪದಗಳಿಗೆ ಹಂಚಿಕೊಟ್ಟಿದೆ: ‘ಯಾರು’ ಎಂಬುದು ಒಳಗಿನ ವಾಕ್ಯದ ಕರ್ತೃವಾಗಿ ಪ್ರಥಮೆಯಲ್ಲಿ ನಿಂತಿದೆ, ‘ಅವರಿಗೆ’ ಎಂಬುದು ಹೊರಗಿನ ವಾಕ್ಯದ ಸಂಪ್ರದಾನವಾಗಿ ಚತುರ್ಥಿಯಲ್ಲಿ ನಿಂತಿದೆ. ‘ಹೂಎವರ್’ ಎಂಬುದರಲ್ಲಿ ‘ಯಾರು’ ಮತ್ತು ‘ಅವರಿಗೆ’ ಎರಡೂ ಕೂಡಿಕೊಂಡಿವೆ, ಒಳಗಿನದೇ ರೂಪವನ್ನು ನಿರ್ಧರಿಸುತ್ತದೆ ಎಂದು ಕನ್ನಡದ ವಿದ್ಯಾರ್ಥಿಗೆ ಹೇಳಿದರೆ ಮತ್ತೆಂದೂ ಆತ ತಪ್ಪಲಾರ.

ಕನ್ನಡದಲ್ಲಿ ಇನ್ನೂ ಬಿಗಿಯಾದ ರೂಪವಿದೆ: ಬಂದವರಿಗೆ. ವಾಕ್ಯವೊಂದು ಪೂರ್ಣವಾಗಿ ಒಂದೇ ಪದದಲ್ಲಿ ಅಡಗಿ ವಿಭಕ್ತಿಯನ್ನು ಹೊತ್ತು ನಿಂತಿದೆ. ನಮ್ಮ ದಾನಶಾಸನಗಳ ಕೊನೆಯಲ್ಲಿ ಧರ್ಮವನ್ನು ಅಳಿದವನಿಗೆ, ಮಾತಿಗೆ ತಪ್ಪಿದವನಿಗೆ ಪ್ರಾಪ್ತವಾಗುವ ಪಾಪವನ್ನು ಹೇಳುವ ವಾಡಿಕೆಯುಂಟು. ಕಲ್ಲಿನ ಮೇಲೆ ಅಕ್ಷರಕ್ಕೆ ಬೆಲೆಯಿದ್ದ ಕಾಲದಲ್ಲಿ ಈ ಸಂಕ್ಷೇಪ ಎಷ್ಟು ಉಪಯುಕ್ತವಾಗಿತ್ತೆಂಬುದನ್ನು ಊಹಿಸಬಹುದು. ಕಳಸದ ಶಾಸನಗಳೂ ಸೇರಿದಂತೆ ಮೂಡಿಗೆರೆ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1901ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟದಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಇಂತಹ ಅನುವಾದಗಳಲ್ಲಿ ಕನ್ನಡದ ಒಂದು ಕೃದಂತಪದಕ್ಕೆ ಪ್ರತಿಯಾಗಿ ಇಂಗ್ಲಿಷಿನ ಒಂದು ಉಪವಾಕ್ಯವನ್ನೇ ಬಿಚ್ಚಿ ಹರಡಬೇಕಾಗುತ್ತದೆ. ಆ ಸಂಪುಟವನ್ನು ನಮ್ಮ ಊರಿನ ಕಾಲೇಜು ವಿದ್ಯಾರ್ಥಿಗಳು ಮೂಲದ ಪಕ್ಕದಲ್ಲಿ ಅನುವಾದವನ್ನಿಟ್ಟು ಓದುವುದಾದರೆ ಊರಿನ ಇತಿಹಾಸವೂ ಎರಡು ಭಾಷೆಗಳ ವಾಕ್ಯಶಿಲ್ಪವೂ ಏಕಕಾಲದಲ್ಲಿ ಕೈಗೂಡುವುವು.

ಕನ್ನಡವು ಬೇರೆಬೇರೆಯಾಗಿ ಹೇಳುವುದನ್ನು ಇಂಗ್ಲಿಷು ಒಂದಾಗಿ ಹೇಳುವ ಮತ್ತೊಂದು ಸಂದರ್ಭವಿದೆ. ‘ಐ ಥಾಟ್ ಅಬೌಟ್ ವಾಟ್ ಹಿ ಆಸ್ಕ್ಡ್’ ಎಂಬುದಕ್ಕೆ ಅವನು ಕೇಳಿದುದನ್ನು ಕುರಿತು ಯೋಚಿಸಿದೆನೆಂದೂ ಅರ್ಥ ಬರುತ್ತದೆ, ಅವನು ಏನು ಕೇಳಿದನೆಂಬುದನ್ನು ಕುರಿತು ಯೋಚಿಸಿದೆನೆಂದೂ ಬರುತ್ತದೆ. ಮೊದಲನೆಯದರಲ್ಲಿ ಕೇಳಿದ ವಸ್ತು ನನಗೆ ಗೊತ್ತಿದೆ. ಎರಡನೆಯದರಲ್ಲಿ ಅದೇ ನನ್ನ ಪ್ರಶ್ನೆ. ಈ ಭೇದ ಇಂಗ್ಲಿಷಿನಲ್ಲಿ ಸಂದರ್ಭದಿಂದ ಮಾತ್ರ ತಿಳಿಯಬೇಕು. ಕರಾರುಪತ್ರವನ್ನು ಓದುವವನು ‘ವಾಟ್’ ಎಂಬ ಪದ ಕಂಡಲ್ಲೆಲ್ಲ ಕನ್ನಡದ ಈ ಎರಡು ರೂಪಗಳಲ್ಲಿ ಯಾವುದು ಹೊಂದುತ್ತದೆಂದು ನೋಡಿಕೊಳ್ಳುವುದು ಕ್ಷೇಮ.

‘ಇಫ್’ ಮತ್ತು ‘ವೆದರ್’ಗಳ ವಿಷಯವನ್ನು ಬೇಗನೆ ಹೇಳಿ ಮುಗಿಸಬಹುದು. ಎರಡೂ ನಮ್ಮ ‘ಓ’ ಎಂಬ ಸಂಶಯಸೂಚಕಕ್ಕೆ ಸಮಾನವಾದರೂ ಶಿಷ್ಟವಾದ ಬರವಣಿಗೆಯಲ್ಲಿ ಪ್ರಿಪೊಸಿಷನ್ನಿನ ಮುಂದೆ ‘ವೆದರ್’ ಮಾತ್ರ ಸಲ್ಲುತ್ತದೆ. ‘ಡಿಪೆಂಡ್ಸ್ ಆನ್ ಇಫ್’ ಎಂದು ಬರೆಯಬಾರದು. ಪ್ರಶ್ನೆಯ ಪದಕ್ರಮವೂ ಇಲ್ಲಿ ಬೇಡ. ‘ಬೆಲೆ ಎಷ್ಟೆಂಬುದರ ಬಗ್ಗೆ’ ಎನ್ನುವುದಕ್ಕೆ ‘ಅಬೌಟ್ ವಾಟ್ ಈಸ್ ದಿ ಪ್ರೈಸ್’ ಎಂದು ಬರೆಯುವ ಹುಡುಗ, ಪ್ರಶ್ನೆಯಲ್ಲಿ ಕ್ರಿಯಾಪದವನ್ನು ಮುಂದಕ್ಕೆ ತರಬೇಕೆಂದು ಕಷ್ಟಪಟ್ಟು ಕಲಿತ ಪಾಠವನ್ನು ಅಗತ್ಯವಿಲ್ಲದಲ್ಲಿಯೂ ಪಾಲಿಸುತ್ತಿದ್ದಾನೆ. ‘ವಾಟ್ ದಿ ಪ್ರೈಸ್ ಈಸ್’ ಎಂಬ ಸಾಧುರೂಪವು ಕ್ರಿಯಾಪದವನ್ನು ಕೊನೆಯಲ್ಲಿಯೇ ಉಳಿಸುವುದರಿಂದ ಕನ್ನಡದ ಕ್ರಮಕ್ಕೆ ಹೆಚ್ಚು ಹತ್ತಿರವಾಗಿದೆಯೆಂದು ತೋರಿಸಿಕೊಟ್ಟರೆ ಸಾಕು.

ಹೇಳಿಕೆಯ ವಾಕ್ಯವನ್ನು ಪ್ರಿಪೊಸಿಷನ್ನಿನ ಮುಂದೆ ತರಲೇಬೇಕಾದಾಗ ಇಂಗ್ಲಿಷು ಎರಡು ಉಪಾಯಗಳನ್ನು ಹೂಡುತ್ತದೆ. ಒಂದು, ಕ್ರಿಯೆಗೆ ‘ಇಂಗ್’ ಹಚ್ಚುವುದು: ‘ಆನ್ ಹಿಸ್ ಕಮಿಂಗ್’. ಇದರಲ್ಲಿ ಕರ್ತೃವು ಷಷ್ಠಿಯಲ್ಲಿ ‘ಹಿಸ್’ ಎಂದಿರಬೇಕೋ, ‘ಹಿಮ್’ ಎಂದಿದ್ದರೂ ಸಾಗೀತೋ ಎಂಬುದರ ಬಗ್ಗೆ, ‘ಮಾಡರ್ನ್ ಇಂಗ್ಲಿಷ್ ಯೂಸೇಜ್’ ಎಂಬ ಪ್ರಖ್ಯಾತ ಕೋಶದ ಕರ್ತೃ ಫೌಲರ್ ಅವರಿಗೂ ಯೆಸ್ಪರ್ಸನ್ನರಿಗೂ ಘೋರವಾದ ವಾಗ್ವಾದವೇ ನಡೆಯಿತು. ಫೌಲರ್ ಎರಡನೆಯದನ್ನು ಖಂಡಿಸಿದರು, ಯೆಸ್ಪರ್ಸನ್ ಸಮರ್ಥಿಸಿದರು. ಇನ್ನೊಂದು ಉಪಾಯವೆಂದರೆ ನಡುವೆ ‘ದಿ ಫ್ಯಾಕ್ಟ್’ ಎಂಬ ನಾಮಪದವನ್ನು ತಂದು ನಿಲ್ಲಿಸುವುದು: ‘ಡಿಸ್ಪೈಟ್ ದಿ ಫ್ಯಾಕ್ಟ್ ದಟ್ ಇಟ್ ರೇನ್ಡ್’. ಅಮೆರಿಕದ ವಿಲಿಯಂ ಸ್ಟ್ರಂಕ್ ಎಂಬ ಅಧ್ಯಾಪಕರು 1918ರ ತಮ್ಮ ಕಿರುಹೊತ್ತಗೆಯಲ್ಲಿ ‘ದಿ ಫ್ಯಾಕ್ಟ್ ದಟ್’ ಎಂಬುದನ್ನು ಕಂಡಲ್ಲೆಲ್ಲ ಕಿತ್ತುಹಾಕಬೇಕೆಂದು ಬೋಧಿಸಿದರು, ಅನೇಕರು ಅದನ್ನು ವೇದವಾಕ್ಯವೆಂದು ನಂಬಿದರು. ನಾನು ಒಪ್ಪಲಾರೆ. ಪ್ರಾಚೀನ ಇಂಗ್ಲಿಷು ‘ಥಾಮ್’ ಎಂಬುದನ್ನು ಕಳೆದುಕೊಂಡ ಮೇಲೆ ತೆರವಾದ ಸ್ಥಾನವನ್ನು ತುಂಬುವುದು ಆ ಪದಗುಚ್ಛವೇ. ಅದು ಇಲ್ಲದೆ ಹೇಳಲಾಗದ ಮಾತುಗಳು ಎಷ್ಟೋ ಇವೆ.

ಆದರೆ ಅವರಿಗೆ ಅನಿವಾರ್ಯವಾದುದನ್ನು ನಾವು ಏಕೆ ಹೊರಬೇಕು? ‘ಮಳೆ ಬಂದ ಹೊರತಾಗಿಯೂ ಕೆಲಸ ನಿಲ್ಲಲಿಲ್ಲ’, ‘ಬೆಲೆ ಕುಸಿದಿದೆ ಎಂಬ ವಾಸ್ತವದ ಹೊರತಾಗಿಯೂ’ ಎಂದು ನಮ್ಮ ಪತ್ರಿಕೆಗಳು ಬರೆಯುತ್ತಿರುವುದನ್ನು ಕಂಡು ನನಗೆ ವ್ಯಥೆಯಾಗುತ್ತದೆ. ‘ಮಳೆ ಬಂದರೂ’, ‘ಬೆಲೆ ಕುಸಿದಿದ್ದರೂ’ ಎಂದರೆ ಕಡಿಮೆಯಾಗುವುದೇನು? ಒಂದು ‘ಊ’ಕಾರದಿಂದ ಮುಗಿಯುವ ಕೆಲಸಕ್ಕೆ ಮೂರು ಪದಗಳನ್ನು ಎರವಲು ತರುವುದು ಭಾಷೆಯ ಸಿರಿಯನ್ನು ಹೆಚ್ಚಿಸುವುದಿಲ್ಲ, ‘ಹೊರತು’ ಎಂಬ ಪದಕ್ಕೆ ಇರುವ ‘ಬಿಟ್ಟು’ ಎಂಬ ಸ್ಪಷ್ಟವಾದ ಅರ್ಥವನ್ನೂ ಕದಡುತ್ತದೆ.

ನಮ್ಮ ಈ ತೊಡಕನ್ನು ಆಂಗ್ಲರು ಮತ್ತು ಇತರ ಐರೋಪ್ಯರು ತಿರುಗುಮುರುಗಾಗಿ ಅನುಭವಿಸಿದ್ದುಂಟು. 1817ರಲ್ಲಿ ಸೀರಾಂಪುರದಿಂದ ಕನ್ನಡ ವ್ಯಾಕರಣವನ್ನು ಹೊರಡಿಸಿದ ವಿಲಿಯಂ ಕೇರಿ, 1820ರಲ್ಲಿ ಮದರಾಸಿನಿಂದ ಹೊರಡಿಸಿದ ಜಾನ್ ಮೆಕೆರೆಲ್, 1903ರಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳನ್ನು ಒಟ್ಟಿಗೆ ವಿವರಿಸುವ ಬೃಹದ್ವ್ಯಾಕರಣವನ್ನು ಕೊಟ್ಟ ಕಿಟ್ಟೆಲ್, ಇವರೆಲ್ಲರೂ ಪ್ರಿಪೊಸಿಷನ್ನು ಪದಕ್ಕೆ ಮೊದಲು ನಿಲ್ಲುವ ಭಾಷೆಗಳಿಂದ ವಿಭಕ್ತಿ ಪದದ ಕೊನೆಗೆ ಹತ್ತುವ ಭಾಷೆಗೆ ಬಂದವರು. ವಾಕ್ಯವೆಲ್ಲ ಮುಗಿದ ಮೇಲೆ ಅದರ ಸಂಬಂಧವನ್ನು ತಿಳಿಸುವ ನಮ್ಮ ಕ್ರಮವನ್ನು ಅವರು ಶ್ರಮಪಟ್ಟು ಅರಿತು ತಮ್ಮವರಿಗೆ ತಿಳಿಯುವಂತೆ ಬರೆದಿಟ್ಟರು. ಅವರು ಮಾಡಿದ ಒಂದು ಕೆಲಸವನ್ನು ಮಾತ್ರ ನಾವು ಇನ್ನೂ ಮಾಡಿಲ್ಲ: ತಮ್ಮ ಭಾಷೆಯ ನೆಲೆಯಲ್ಲಿ ನಿಂತು ಪರಭಾಷೆಯನ್ನು ವಿವರಿಸುವುದು. ನಮ್ಮ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಕನ್ನಡವೆಂಬುದೇ ಇಲ್ಲವೇನೋ ಎಂಬಂತೆ ಕಲಿಸುತ್ತಾರೆ. ಕನ್ನಡದ ತರಗತಿಯಲ್ಲಿ ಕೃದಂತವನ್ನು ಕಲಿಸಿದ ಅಧ್ಯಾಪಕರಿಗೂ ಇಂಗ್ಲಿಷ್ ತರಗತಿಯಲ್ಲಿ ಉಪವಾಕ್ಯವನ್ನು ಕಲಿಸುವ ಅಧ್ಯಾಪಕರಿಗೂ ಈ ವಿಷಯದಲ್ಲಿ ಮಾತುಕತೆಯೇ ಇರುವುದಿಲ್ಲ.

ಕಳಸ, ಮೂಡಿಗೆರೆಗಳ ಶಾಲೆಗಳ ಅಧ್ಯಾಪಕರಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ಬರುವ ಜೂನಿನಲ್ಲಿ ತರಗತಿಗಳು ಮೊದಲಾದಾಗ ಕನ್ನಡದವರೂ ಇಂಗ್ಲಿಷಿನವರೂ ಒಂದು ಗಂಟೆಯ ಕಾಲ ಒಟ್ಟಿಗೆ ಕುಳಿತು, ‘ಬಂದುದರಿಂದ’, ‘ಬಂದ ಮೇಲೆ’, ‘ಬಂದವರಿಗೆ’, ‘ಬರುವುದೋ ಇಲ್ಲವೋ ಎಂಬುದರ ಮೇಲೆ’ ಎಂಬ ನಾಲ್ಕು ರೂಪಗಳನ್ನು ಕರಿಹಲಗೆಯ ಎಡಗಡೆ ಬರೆದು, ಬಲಗಡೆ ಅವಕ್ಕೆ ಸಮನಾದ ಇಂಗ್ಲಿಷ್ ರಚನೆಗಳನ್ನು ಮಕ್ಕಳಿಂದಲೇ ಹೇಳಿಸಿ ಬರೆಯಲಿ.